ಆಸ್ಪತ್ರೆಯ ಹೆರಿಗೆ: ತಾಯಿಯೊಬ್ಬಳ ಮಾತು



ಯುದ್ಧದಿಂದ ಹಿಂದಿರುಗಿದವನನ್ನು ನಡುವೆ ಕುಳ್ಳಿರಿಸಿಕೊಂಡು ನಾವು ಅವನ ಕಥೆಯನ್ನು ಕೇಳುತ್ತೇವೆ. ಕಾಶಿಗೆ ಹೋಗಿಬಂದವರನ್ನಾದರೂ ಊರೇ ಸೇರಿ ವಿಚಾರಿಸುತ್ತದೆ. ಹೆತ್ತು ಬಂದವಳನ್ನು ಮಾತ್ರ “ಗಂಡೋ ಹೆಣ್ಣೋ? ತೂಕವೆಷ್ಟು?” ಎಂದು ಎರಡು ಪ್ರಶ್ನೆ ಕೇಳಿ ಮುಗಿಸುತ್ತೇವೆ. ಅವಳು ಎಲ್ಲಿಗೆ ಹೋಗಿದ್ದಳು, ಏನನ್ನು ಕಂಡಳು, ಯಾರು ಜೊತೆಗಿದ್ದರು ಎಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಹೆರಿಗೆಯೆಂಬುದು ಹೆಣ್ಣಿಗೆ ಮರುಹುಟ್ಟು ಎಂದು ಗಾದೆಯಂತೆ ಹೇಳುತ್ತೇವೆ. ಆ ಮರುಹುಟ್ಟಿನ ವೃತ್ತಾಂತವು ಬಾಣಂತಿಯ ಕೋಣೆಯಲ್ಲಿಯೇ ಉಳಿದುಹೋಗುತ್ತದೆ.

ಈಚೆಗೆ ನನ್ನ ಮಗಳು, ಹದಿನಾರರ ಹುಡುಗಿ, “ಅಮ್ಮ, ನಾನು ಹುಟ್ಟಿದ ದಿನ ನಿನಗೆ ಏನೇನಾಯಿತು?” ಎಂದು ಕೇಳಿದಳು. ಕಾಲೇಜಿನಲ್ಲಿ ನಿತ್ಯವೂ ಪಾಠ ಹೇಳಿ ಬದುಕುವ ನನಗೆ ಆ ಪ್ರಶ್ನೆಗೆ ತಟ್ಟನೆ ಉತ್ತರ ದೊರೆಯಲಿಲ್ಲ. ಅವಳಿಗೆ ಕೊಡಬೇಕಾದ ಉತ್ತರವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ. ಇದು ಸ್ತ್ರೀಯರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಪುರುಷರು ರೇಡಿಯೋ ಬಿಟ್ಟು ಏಳಬಾರದಾಗಿ ಪ್ರಾರ್ಥನೆ. ಆಸ್ಪತ್ರೆಗಳನ್ನು ಕಟ್ಟಿಸುವವರು, ಅವುಗಳ ನಿಯಮಗಳನ್ನು ಬರೆಯುವವರು ಬಹುಮಟ್ಟಿಗೆ ನೀವೇ ಅಲ್ಲವೆ?

ನನ್ನ ತವರು ಚಿತ್ರದುರ್ಗ ಜಿಲ್ಲೆಯ ಹಿರಿಯೂರು. ವೇದಾವತಿಯ ದಡದ ಊರು, ತೇರುಮಲ್ಲೇಶ್ವರನ ಊರು. ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕೆಂಬ ಪದ್ಧತಿಯಂತೆ ಏಳನೆಯ ತಿಂಗಳು ಕಳೆದ ಮೇಲೆ ಅಲ್ಲಿಗೆ ಹೋದೆ. ನಮ್ಮ ಅಜ್ಜಿ ಆಗ ಇನ್ನೂ ಇದ್ದರು. ಅವರು ಹೆತ್ತದ್ದು ಏಳು, ಉಳಿದದ್ದು ನಾಲ್ಕು. ಏಳೂ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಕಂಬ ಹಿಡಿದು ಕುಕ್ಕುರುಗಾಲಿನಲ್ಲಿ ಕುಳಿತು ಹೆತ್ತದ್ದು. ಬೆನ್ನಿಗೆ ಸೂಲಗಿತ್ತಿ, ಎದುರಿಗೆ ಅವರ ತಾಯಿ. “ಆ ಹೊತ್ತಿನಾಗೆ ಒಂದು ಗಳಿಗೆಯೂ ನನ್ನ ಕೈ ಬಿಡಲಿಲ್ಲ” ಎಂದು ಅಜ್ಜಿ ತಮ್ಮ ತಾಯಿಯನ್ನು ನೆನೆಯುತ್ತಿದ್ದರು. ಅದೇ ಅಜ್ಜಿ, ಅದೇ ಉಸಿರಿನಲ್ಲಿ, ತಮ್ಮ ತಂಗಿಯ ಕಥೆಯನ್ನೂ ಹೇಳುತ್ತಿದ್ದರು. ಆಕೆಯದೂ ಅದೇ ಕೋಣೆ, ಅದೇ ಸೂಲಗಿತ್ತಿ. ಮಗು ಸುಖವಾಗಿ ಹುಟ್ಟಿತು; ಆದರೆ ನೆತ್ತರು ನಿಲ್ಲಲಿಲ್ಲ. ಬೆಳಗಾಗುವ ಮೊದಲೇ ತಾಯಿ ತೀರಿಹೋದಳು. ಕೈ ಹಿಡಿದುಕೊಂಡವರು ಹಿಡಿದುಕೊಂಡೇ ಇದ್ದರು.

ಈ ಎರಡು ಕಥೆಗಳನ್ನೂ ಕೇಳಿ ಬೆಳೆದ ನನ್ನ ತಾಯಿ, ನನ್ನ ಹೆರಿಗೆ ಆಸ್ಪತ್ರೆಯಲ್ಲೇ ಆಗತಕ್ಕದ್ದೆಂದು ಎಂದೋ ನಿಶ್ಚಯಿಸಿದ್ದರು. ಆ ನಿಶ್ಚಯ ಸರಿಯಾದದ್ದೆಂದು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಮುಂದೆ ನಾನು ಹೇಳುವುದನ್ನು ಯಾರೂ ಆಸ್ಪತ್ರೆಯ ನಿಂದೆಯೆಂದು ತಿಳಿಯಬಾರದೆಂಬುದಕ್ಕಾಗಿ ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ.

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಬೇನೆ ಮೊದಲಾಯಿತು. ಹೆದ್ದಾರಿಯಲ್ಲಿ ಬಾಡಿಗೆಯ ಕಾರಿನಲ್ಲಿ ಪರವೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ಅದರ ಹೆಸರು ಇಲ್ಲಿ ಬೇಡ. ಬಾಗಿಲಿನವರೆಗೂ ಅಮ್ಮನ ಕೈ ನನ್ನ ಕೈಯಲ್ಲಿತ್ತು. ಹೆರಿಗೆಯ ಕೋಣೆಯ ಬಾಗಿಲಲ್ಲಿ ದಾದಿಯೊಬ್ಬಳು, “ನೀವು ಇಲ್ಲೇ ನಿಲ್ಲಿ, ಒಳಗೆ ಯಾರನ್ನೂ ಬಿಡುವುದಿಲ್ಲ” ಎಂದಳು. ಬಾಗಿಲು ಮುಚ್ಚಿತು. ನಲವತ್ತು ಮಂದಿ ವಿದ್ಯಾರ್ಥಿಗಳೆದುರು ಅಳುಕದೆ ನಿಂತು ಮಾತನಾಡುವ ನಾನು, ಆ ಬಾಗಿಲು ಮುಚ್ಚಿದ ಕ್ಷಣದಲ್ಲಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನಂತಾದೆ.

ಬೇನೆಯೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಗರ್ಭಕೋಶವು ಸ್ನಾಯುವಿನಿಂದಾದ ಒಂದು ಚೀಲ. ಅದು ಬಿಗಿಯುತ್ತದೆ, ಸಡಿಲುತ್ತದೆ, ಪುನಃ ಬಿಗಿಯುತ್ತದೆ. ಒಂದೊಂದು ಬಿಗಿತದಿಂದಲೂ ಅದರ ಕೊರಳು ತುಸುತುಸುವೇ ತೆಳುವಾಗಿ ಅಗಲವಾಗುತ್ತ ಬಂದು, ಕೊನೆಗೆ ಸುಮಾರು 10 ಸೆಂಟಿಮೀಟರಿನಷ್ಟು ತೆರೆದುಕೊಳ್ಳುತ್ತದೆ. ಇದು ಮೊದಲನೆಯ ಘಟ್ಟ. ಆಮೇಲೆ ತಾಯಿಯೂ ಮುಕ್ಕಿರಿದು ಮಗುವನ್ನು ಹೊರತಳ್ಳುವುದು ಎರಡನೆಯದು. ಮಾಸು ಬೀಳುವುದು ಮೂರನೆಯದು. ಚೊಚ್ಚಲಿನವಳಿಗೆ ಮೊದಲನೆಯ ಘಟ್ಟವೇ ಬಹಳ ದೀರ್ಘ. ಕೊರಳು ಗಂಟೆಗೊಂದು ಸೆಂಟಿಮೀಟರಿನಂತೆ ತೆರೆಯಲೇಬೇಕೆಂದು ವೈದ್ಯರು ಬಹುಕಾಲ ಲೆಕ್ಕವಿಟ್ಟಿದ್ದರು. ಎಲ್ಲ ಸ್ತ್ರೀಯರ ದೇಹವೂ ಆ ಗಡಿಯಾರಕ್ಕೆ ನಡೆಯುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸ್ಪಷ್ಟವಾಗಿ ಹೇಳಿತು. ನನಗೆ ಒಟ್ಟು ಹದಿನಾಲ್ಕು ಗಂಟೆ ಹಿಡಿಯಿತು.

ಈ ನೋವಿಗೂ ಗಾಯದ ನೋವಿಗೂ ಒಂದು ಭೇದವಿದೆ. ಗಾಯದ ನೋವು ಒಂದೇ ಸಮನೆ ಇರುತ್ತದೆ; ಇದು ಬಂದು ಹೋಗುತ್ತದೆ. ಎರಡು ಬೇನೆಗಳ ನಡುವೆ ಕೆಲವು ನಿಮಿಷಗಳ ಬಿಡುವು. ಆ ಬಿಡುವಿನಲ್ಲಿ ಹೆಣ್ಣಿಗೆ ಬೇಕಾದದ್ದು ಅತ್ಯಲ್ಪ: ಒಂದು ಗುಟುಕು ನೀರು, ಬೆನ್ನಿನ ಮೇಲೊಂದು ಕೈ, “ಇನ್ನು ಇಷ್ಟೇ” ಎನ್ನುವ ಒಂದು ಮಾತು. ನನಗೆ ದೊರೆತದ್ದು ಬೇರೆ. ಆ ಕೋಣೆಯಲ್ಲಿ ನಾವು ನಾಲ್ವರಿದ್ದೆವು, ನಡುವೆ ಪರದೆಯಿರಲಿಲ್ಲ. ಎದ್ದು ನಡೆಯಬೇಕೆನ್ನಿಸಿದರೂ ಅಂಗಾತ ಮಲಗಿಯೇ ಇರಬೇಕೆಂಬ ಆಜ್ಞೆ. ಪಕ್ಕದ ಮೇಜಿನಲ್ಲಿದ್ದ ಇಪ್ಪತ್ತರ ಹುಡುಗಿಯೊಬ್ಬಳು ಕೂಗಿಕೊಂಡಾಗ, ಅವಳನ್ನು ಸುಮ್ಮನಾಗಿಸಲು ಆಡಿದ ಮಾತನ್ನು ನಾನು ಇಲ್ಲಿ ಉಚ್ಚರಿಸಲಾರೆ. ಹೆತ್ತ ತಾಯಂದಿರಲ್ಲಿ ಅನೇಕರು ಅದನ್ನು ಕೇಳಿರುತ್ತಾರೆ; ಅವರಿಗೆ ಹೇಳಬೇಕಾದುದಿಲ್ಲ. ಮಿಕ್ಕವರು ತಮ್ಮ ತಾಯಂದಿರನ್ನು ಕೇಳಿ ನೋಡಬಹುದು. ಆ ಮಾತು ಕಿವಿಗೆ ಬಿದ್ದ ಮೇಲೆ ನಾನು ಕೂಗಲಿಲ್ಲ. ಧೈರ್ಯದಿಂದಲ್ಲ, ಹೆದರಿಕೆಯಿಂದ.

ಬೆಳಗಿನ ಜಾವದಲ್ಲಿ ಪಾಳಿ ಬದಲಾಯಿಸಿತು. ನೆಲ ಒರಸಿ, ಬಟ್ಟೆ ಬದಲಿಸುವ ಮುದುಕಿಯೊಬ್ಬಳು ಬಂದಳು. ಬಕೆಟ್ಟನ್ನು ಕೆಳಗಿಟ್ಟು, ಕೈ ತೊಳೆದುಕೊಂಡು, ನನ್ನ ಹಣೆಯ ಬೆವರನ್ನು ಒರಸಿ, ಕೈ ಹಿಡಿದುಕೊಂಡು, “ಆತು ತಾಯಿ, ಇನ್ನೇನು ಆತು” ಎಂದಳು. ಆಗಿರಲಿಲ್ಲ, ಆಮೇಲೆಯೂ ಬಹಳ ಹೊತ್ತಾಯಿತು. ಆದರೂ ಆ ಮಾತಿನಿಂದ ನನ್ನ ಮೈ ಸಡಿಲಿತು. ಬಿಡುವಾದಾಗಲೆಲ್ಲ ಅವಳು ಬಂದು ನಿಲ್ಲುತ್ತಿದ್ದಳು. ಮಧ್ಯಾಹ್ನ ಒಂದರ ಸುಮಾರಿಗೆ ಮಗಳು ಹುಟ್ಟಿದಳು. ಮಗುವಿನ ಅಳು ಕೇಳಿಸಿದ ಮೇಲೆ ವೈದ್ಯೆಯೊಬ್ಬರು ನನ್ನ ತೊಡೆಗೆ ಒಂದು ಚುಚ್ಚುಮದ್ದು ಕೊಟ್ಟರು. ಅದೇನೆಂದು ಆಗ ತಿಳಿಯದು. ಅಜ್ಜಿಯ ತಂಗಿಗೆ ದೊರೆಯದೆ ಹೋದದ್ದು ಅದೇ ಎಂದು ಆಮೇಲೆ ಓದಿ ತಿಳಿದೆ.

ಅದು ಆಕ್ಸಿಟೋಸಿನ್. ಮಿದುಳಿನ ಬುಡದ ಗ್ರಂಥಿಯ ಸಾರವು ಗರ್ಭಕೋಶವನ್ನು ಬಿಗಿಯುವಂತೆ ಮಾಡುತ್ತದೆಂದು 1906ರಲ್ಲಿ ಹೆನ್ರಿ ಡೇಲ್ ಎಂಬ ಆಂಗ್ಲ ವಿಜ್ಞಾನಿ ಕಂಡುಹಿಡಿದನು. ಆ ವಸ್ತುವನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವುದನ್ನು 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಸಾಧಿಸಿ, 1955ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಮಾಸು ಬಿದ್ದ ಜಾಗದ ರಕ್ತನಾಳಗಳು ಬಾಯ್ತೆರೆದುಕೊಂಡಿರುತ್ತವೆ. ಗರ್ಭಕೋಶವು ಗಟ್ಟಿಯಾಗಿ ಮುದುಡಿಕೊಂಡರೆ ಅದರ ಎಳೆಗಳೇ ಆ ನಾಳಗಳನ್ನು ಹಿಸುಕಿ ಕಟ್ಟುತ್ತವೆ. ಮುದುಡದಿದ್ದರೆ ತಾಯಿ ಗಂಟೆಗಳೊಳಗೆ ಸಾಯಬಹುದು. ಹತ್ತು ಯೂನಿಟ್ಟಿನ ಒಂದು ಚುಚ್ಚುಮದ್ದು ಆ ಮುದುಡುವಿಕೆಗೆ ಬಲ ಕೊಡುತ್ತದೆ. ಎಷ್ಟು ಪ್ರೀತಿಯಿಂದ ಹಿಡಿದ ಕೈಯೂ ಆ ಕೆಲಸವನ್ನು ಮಾಡಲಾರದು.

ಹೀಗೆ, ಆ ಹದಿನಾಲ್ಕು ಗಂಟೆಗಳಲ್ಲಿ ನನ್ನನ್ನು ಕಾಪಾಡಿದವು ಎರಡು ಕೈಗಳು. ಒಂದು, ವಿದ್ಯೆಯುಳ್ಳ, ತೊಳೆದ ಕೈ. ಇನ್ನೊಂದು, ಬಿಡದೆ ಹಿಡಿದ ಕೈ. ಎರಡೂ ಒಂದೇ ಕೋಣೆಯಲ್ಲಿರಬೇಕೆಂಬುದೇ ಈ ಭಾಷಣದ ತಾತ್ಪರ್ಯ.

ತೊಳೆದ ಕೈಯ ಬೆಲೆ ಲೋಕಕ್ಕೆ ಸುಲಭವಾಗಿ ತಿಳಿಯಲಿಲ್ಲ. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಮತ್ತೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ ಸುಮಾರು 11 ಮಂದಿ ತಾಯಂದಿರು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ 3ಕ್ಕೂ ಕಡಿಮೆ. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಯ ಕೋಣೆಗೆ ಬರುತ್ತಾರೆಂಬುದನ್ನು ಇಗ್ನಾಝ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಗಮನಿಸಿ, 1847ರಲ್ಲಿ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದನು. 1848ರಲ್ಲಿ ಸಾವು ನೂರಕ್ಕೆ ಒಂದೂಕಾಲಿನಷ್ಟಕ್ಕೆ ಇಳಿಯಿತು. ಆದರೂ ದೊಡ್ಡ ವೈದ್ಯರು ತಮ್ಮ ಕೈ ಮಲಿನವೆಂಬ ಮಾತನ್ನು ಒಪ್ಪಲಿಲ್ಲ. 1865ರಲ್ಲಿ ಆತನು ಹುಚ್ಚಾಸ್ಪತ್ರೆಯಲ್ಲಿ ಸತ್ತನು. ಇದರಲ್ಲಿ ನನಗೆ ಕಾಣುವ ಪಾಠವಿದು: ಆಸ್ಪತ್ರೆಯ ಪದ್ಧತಿಯೆಂದ ಮಾತ್ರಕ್ಕೆ ಅದು ಪ್ರಶ್ನಾತೀತವಲ್ಲ. ಅಂದು ಕೈ ತೊಳೆಯದಿರುವುದೂ ಒಂದು ಪದ್ಧತಿಯೇ ಆಗಿತ್ತು.

ನಮ್ಮ ನಾಡಿನಲ್ಲಿ ಈ ವಿದ್ಯೆ ಬೇರೂರಿದ ಕಥೆಗೆ ಹಿರಿಯೂರಿನೊಡನೆ ಒಂದು ನಂಟುಂಟು. ವಾಣೀವಿಲಾಸ ಎಂದರೆ ನಮ್ಮ ಊರಿನವರಿಗೆ ನೀರಿನ ಹೆಸರು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಅಣೆಕಟ್ಟಿಗೆ ಆ ಹೆಸರು. 1933ರಲ್ಲಿ ಕೋಡಿಬಿದ್ದ ಆ ಸಾಗರವು 89 ವರ್ಷ ಕಳೆದು 2022ರಲ್ಲಿ ಪುನಃ ಕೋಡಿಬಿದ್ದಾಗ ಜನ ಬಾಗಿನ ಹಿಡಿದು ಹೋದದ್ದನ್ನು ಶ್ರೋತೃಗಳು ಮರೆತಿರಲಾರರು. ಬೆಂಗಳೂರಿನವರಿಗಾದರೋ ಅದೇ ಹೆಸರು ಹೆರಿಗೆಯ ಹೆಸರು. 1935ರಲ್ಲಿ ತೆರೆದ, ಹೆಂಗಸರ ಮತ್ತು ಮಕ್ಕಳ ವಾಣೀವಿಲಾಸ ಆಸ್ಪತ್ರೆ ಅಲ್ಲಿದೆ. ಎರಡೂ ಒಬ್ಬಳೇ ತಾಯಿಯ ಹೆಸರು. 1894ರಲ್ಲಿ ಪತಿಯನ್ನು ಕಳೆದುಕೊಂಡು, ಎಳೆಯ ಮಗನ ಪರವಾಗಿ 1902ರವರೆಗೆ ಮೈಸೂರು ರಾಜ್ಯವನ್ನಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಆಕೆ. ಬರಗಾಲದ ಸೀಮೆಗೆ ನೀರು, ಹೆರುವ ಹೆಣ್ಣಿಗೆ ಆಸರೆ, ಇವೆರಡಕ್ಕೂ ಒಂದೇ ಹೆಸರನ್ನಿಟ್ಟದ್ದು ಉಚಿತವಾಗಿಯೇ ಇದೆ.

ಆ ಆಸ್ಪತ್ರೆಯಿಂದ ಹಿಡಿದು ಇಂದಿನ ತಾಲ್ಲೂಕು ಆಸ್ಪತ್ರೆಗಳವರೆಗೆ ಸಾಗಿಬಂದ ದಾರಿಯ ಫಲ ಕಣ್ಣಿಗೆ ಕಾಣುವಂತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 2005–06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಾಗುತ್ತಿದ್ದವು. 2019–21ರ ಹೊತ್ತಿಗೆ 97. ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆಯು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, 2008ರಿಂದ ಓಡುತ್ತಿರುವ 108ರ ಆಂಬುಲೆನ್ಸು, ಇವೆಲ್ಲ ಈ ಇಳಿತಕ್ಕೆ ಹೆಗಲು ಕೊಟ್ಟಿವೆ. ಈ ಅಂಕಿಗಳ ಹಿಂದೆ ನಮ್ಮ ಅಜ್ಜಿಯ ತಂಗಿಯಂಥ ಎಷ್ಟೋ ಜೀವಗಳು ಉಳಿದಿವೆ.

ಹಾಗಾದರೆ ಕಳೆದುಕೊಂಡದ್ದೇನು? ನೆರೆಯ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮನವರಿದ್ದರು. ಓದು ಬಾರದವರು. 1940ರ ಸುಮಾರಿನಿಂದ ಮೊದಲುಮಾಡಿ, ಒಂದು ಕಾಸೂ ಮುಟ್ಟದೆ, ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಸಿದ್ಧರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕಾಲವು ಮರಳಿ ಬರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಬಳಿಯಿದ್ದ ಒಂದು ಗುಣವನ್ನು, ಹೆರುವವಳನ್ನು ಒಂಟಿಯಾಗಿ ಬಿಡದಿರುವ ಗುಣವನ್ನು, ನಾವು ಆಸ್ಪತ್ರೆಯ ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಗೆ ಹೋದೆವು.

ಅದು ಬರಿಯ ಮನಸ್ಸಮಾಧಾನದ ಮಾತೆಂದು ಯಾರಾದರೂ ಅಂದಾರು. ಅಲ್ಲ. ಹದಿನೇಳು ದೇಶಗಳಲ್ಲಿ 15,000ಕ್ಕೂ ಹೆಚ್ಚು ಸ್ತ್ರೀಯರ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಹೆರಿಗೆಯುದ್ದಕ್ಕೂ ಸಂಗಾತಿಯೊಬ್ಬರು ಜೊತೆಗಿದ್ದ ತಾಯಂದಿರಲ್ಲಿ ಬೇನೆಯ ಅವಧಿ ಸುಮಾರು ನಲವತ್ತು ನಿಮಿಷ ಕಡಿಮೆಯಾಯಿತೆಂದೂ, ಸಹಜವಾದ ಹೆರಿಗೆಗಳು ಹೆಚ್ಚಿ ಶಸ್ತ್ರಕ್ರಿಯೆಗಳು ಕಡಿಮೆಯಾದವೆಂದೂ ತಿಳಿಸುತ್ತದೆ. ಇದರಲ್ಲಿ ಮಂತ್ರವೇನೂ ಇಲ್ಲ. ಅಂಜಿದಾಗ ಮೈಯಲ್ಲಿ ಏರುವ ಅಡ್ರಿನಲೀನ್ ಗರ್ಭಕೋಶದ ಕೆಲಸವನ್ನು ಕುಗ್ಗಿಸಬಲ್ಲುದು. ಅಂಜಿಕೆ ಇಳಿದರೆ ಕೆಲಸ ಸರಾಗ. ಆ ಮುದುಕಿಯ “ಆತು ತಾಯಿ” ಎಂಬ ಮಾತು ನನ್ನ ಕಿವಿಗಷ್ಟೇ ಅಲ್ಲ, ಮೈಗೂ ತಲುಪಿತ್ತು.

ನಮ್ಮ ಸರ್ಕಾರವೂ ಇದನ್ನು ಒಪ್ಪಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಬಳಿ ಸಂಗಾತಿಯೊಬ್ಬಳನ್ನು ಇರಗೊಡಬಹುದೆಂದು ಕೇಂದ್ರ ಆರೋಗ್ಯ ಮಂತ್ರಾಲಯವು 2016ರಲ್ಲಿ ಅನುಮತಿಸಿತು. ಆಕೆ ಬಂಧುವಾದ ಸ್ತ್ರೀಯಾಗಿರಬೇಕು, ಹೆತ್ತ ಅನುಭವವುಳ್ಳವಳಾದರೆ ಒಳ್ಳೆಯದು. ಅಂಟುರೋಗವಿರಬಾರದು, ಶುಭ್ರವಾದ ಬಟ್ಟೆ ಉಟ್ಟಿರಬೇಕು, ಕೊನೆಯವರೆಗೂ ಜೊತೆಗಿರಬೇಕು, ವೈದ್ಯರ ಕೆಲಸದಲ್ಲಿ ಕೈಹಾಕಬಾರದು. ಮರೆ ಇರುವ ಕಡೆ ಪತಿಗೂ ಅವಕಾಶವುಂಟು. 2017ರಲ್ಲಿ ಆರಂಭವಾದ ‘ಲಕ್ಷ್ಯ’ ಎಂಬ ಯೋಜನೆಯು ಹೆರಿಗೆಯ ಕೋಣೆಗಳಲ್ಲಿ ಗೌರವದ ನಡವಳಿಕೆಯನ್ನೂ ಗುಣಮಟ್ಟದೊಳಗೆ ಸೇರಿಸಿತು. ಆದೇಶವಾಯಿತು, ಆದರೆ ಆದೇಶವು ಬಾಗಿಲನ್ನು ತೆರೆಯುವುದಿಲ್ಲ, ಬಾಗಿಲಲ್ಲಿ ನಿಂತವರು ತೆರೆಯಬೇಕು. ಒಬ್ಬ ದಾದಿ ಏಕಕಾಲದಲ್ಲಿ ನಾಲ್ವರನ್ನು ನೋಡಬೇಕಾದ ಕಡೆ ಅವಳ ಬಾಯಿ ಬಿರುಸಾಗುವುದರಲ್ಲಿ ಅವಳೊಬ್ಬಳದೇ ತಪ್ಪಿಲ್ಲ. ಅವಳ ಹೊರೆಯನ್ನು ಇಳಿಸುವ ಅತಿ ಅಗ್ಗದ ಉಪಾಯವೆಂದರೆ, ಹೊರಗೆ ಜಗಲಿಯ ಮೇಲೆ ನಿದ್ದೆಗೆಟ್ಟು ಕುಳಿತಿರುವ ತಾಯಿಯನ್ನು ಕೈ ತೊಳೆಸಿ ಒಳಗೆ ಕರೆದುಕೊಳ್ಳುವುದು. ಹಾಸಿಗೆಗೊಂದು ಪರದೆ ಹಾಕುವುದು.

ಇನ್ನೊಂದು ಮಾತಿದೆ, ಅದನ್ನು ಬಿಟ್ಟರೆ ನನ್ನ ಸೀಮೆಯ ಕಥೆ ಪೂರ್ತಿಯಾಗದು. ಹಿರಿಯೂರಿನ ಸುತ್ತಮುತ್ತ ಕಾಡುಗೊಲ್ಲರ ಹಟ್ಟಿಗಳಿವೆ. ಪಶುಪಾಲನೆಯ ದೊಡ್ಡ ಪರಂಪರೆ, ಜುಂಜಪ್ಪನ ಕಾವ್ಯವನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಜನ. ಆದರೆ ಹೆತ್ತ ಹೆಣ್ಣನ್ನು ಸೂತಕವೆಂದು ಹಸುಗೂಸಿನೊಡನೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿ ಈ ಹಟ್ಟಿಗಳಲ್ಲಿ ರೂಢಿಯಾಗಿ ಬಂತು. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಹಾಗೆ ಹೊರಗಿರಿಸಿದ ಬಾಣಂತಿಯೊಬ್ಬಳ ಕೂಸು ಮಳೆಗಾಲದ ಶೀತಕ್ಕೆ ಸಿಕ್ಕಿ ಅಸುನೀಗಿತು. ಇಂಥ ಹೊರಗಿರಿಸುವಿಕೆಯನ್ನು ನಿಷೇಧಿಸುವ ರಾಜ್ಯದ ಕಾಯಿದೆ 2017ರಲ್ಲಿಯೇ ಆಗಿ, 2020ರಲ್ಲಿ ಜಾರಿಗೆ ಬಂದಿತ್ತು. ಆಸ್ಪತ್ರೆಯ ತೊಳೆದ ಕೈ ಮಗುವನ್ನು ಈ ಲೋಕಕ್ಕೆ ತರಬಲ್ಲುದು. ಮನೆಗೆ ಬಂದ ಮೇಲೆ ಅದನ್ನು ಹಿಡಿಯುವ ಕೈಗಳೇ ಹಿಂದೆಗೆದರೆ ಆಸ್ಪತ್ರೆ ಏನು ಮಾಡೀತು? ಇದನ್ನು ಕೇಳಿ ಪಟ್ಟಣದವರಾದ ನಾವು ಮೂಗಿನ ಮೇಲೆ ಬೆರಳಿಡುವುದು ಸುಲಭ. ಆದರೆ ಹೆರುವ ಹೊತ್ತಿನಲ್ಲಿ ಹೆಣ್ಣನ್ನು ಒಂಟಿಮಾಡುವ ಬಾಗಿಲು ನಮ್ಮ ಪಟ್ಟಣಗಳ ಆಸ್ಪತ್ರೆಗಳಲ್ಲೂ ಇದೆ. ಹಟ್ಟಿಯವರು ಅದಕ್ಕೆ ಸೂತಕವೆಂದು ಹೆಸರಿಟ್ಟರು. ನಾವು ನಿಯಮವೆಂದು ಹೆಸರಿಟ್ಟೆವು.

ನನ್ನ ಪ್ರಾರ್ಥನೆ ಇಷ್ಟೆ. ಹೆರಿಗೆಯನ್ನು ಆಸ್ಪತ್ರೆಯಲ್ಲೇ ಮಾಡಿಸಿ. ಅದರಲ್ಲಿ ಎರಡನೆಯ ಮಾತು ಬೇಡ. ಆದರೆ ತಿಂಗಳು ತುಂಬುವ ಮೊದಲೇ ಹೋಗಿ, “ಒಳಗೆ ಜೊತೆಗಿರಲು ಒಬ್ಬರಿಗೆ ಅವಕಾಶವುಂಟೇ?” ಎಂದು ಕೇಳಿ. ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯವರಿಗೆ ಕೇಳುವ ಅಗತ್ಯವೇ ಇರುವುದಿಲ್ಲ. ಹೆತ್ತು ಬಂದವಳನ್ನು ಮಗುವಿನ ತೂಕ ಕೇಳುವ ಮೊದಲು, “ನಿನಗೆ ಹೇಗಾಯಿತವ್ವಾ?” ಎಂದು ಕೇಳಿ, ಅವಳು ಹೇಳುವಷ್ಟು ಹೊತ್ತು ಕುಳಿತು ಕೇಳಿ.

ಮಗಳು ಹುಟ್ಟಿದ ಮೇಲೆ ನನ್ನನ್ನು ಹೊರಗೆ ತಂದಾಗ ಅಮ್ಮ ಅದೇ ಬಾಗಿಲ ಬಳಿ ನಿಂತಿದ್ದರು. ರಾತ್ರಿಯಿಂದ ಕುಳಿತಿರಲಿಲ್ಲವೆಂದು ಆಮೇಲೆ ತಿಳಿಯಿತು. “ಕೂಗಿದ್ದು ಕೇಳಲಿಲ್ಲ, ಏನಾಯಿತೋ ಎಂದು ಹೆದರಿದ್ದೆ” ಎಂದರು. ನಾನು ಏಕೆ ಕೂಗಲಿಲ್ಲವೆಂಬುದನ್ನು ಅವರಿಗೆ ಹೇಳಲಿಲ್ಲ. ಮೊನ್ನೆ ಮಗಳಿಗೆ ಹೇಳಿದೆ. ಮುಂದೆ ಅವಳಿಗೆ ಆ ಕಾಲ ಬಂದು, ಅವಳು ಬೇಕೆಂದರೆ, ನಾನು ಕೈ ತೊಳೆದುಕೊಂಡು ಒಳಗಿರುತ್ತೇನೆ. ಬಾಗಿಲಲ್ಲಿ ನಿಂತವರು ಬಿಟ್ಟಾರೆಂದು ನಂಬಿದ್ದೇನೆ.